ಹುಬ್ಬು ಗಂಟಿಕ್ಕಿದರೂ ಬದಲಾಗದ ಚಿತ್ರ

ಗದಗ, ೨೧೮೭ನೆಯ ಇಸವಿ, ಹದಿಮೂರನೆಯ ತಿಂಗಳು

ವಿಭಾವರಿ ಹೊಂಬಳ ಅವರಿಗೆ ನೀಲಾಂಬಿಕೆಯ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ, ನಿಮಗಿಂತ ಎಷ್ಟೋ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ಉಳಿದ ಹನ್ನೆರಡು ತಿಂಗಳುಗಳಿಂದ ಅಷ್ಟಷ್ಟು ದಿನ ಕಿತ್ತು, ಯಾರೂ ದುಡಿಯದ ಒಂದು ಬಿಡುವಿನ ತಿಂಗಳನ್ನು ಮಾಡಿಕೊಂಡಿದ್ದೇವೆ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು ನಾನು.

ನೀವು ಈ ಊರಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಹಿಂದಿ ಚಿತ್ರ ತೆಗೆದವರು. ಆ ಚಿತ್ರಗಳನ್ನು ಕಾಯುವುದು ನನ್ನ ಕೆಲಸ. ಮೊದಲನೆಯದನ್ನು ಜನ ಈಗಲೂ ಮೆಚ್ಚುತ್ತಾರೆ. ಎರಡನೆಯದಾದ ‘ಧೂಲ್ ಕಾ ವ್ಯಾಕರಣ’ ನಿಮ್ಮ ಕಾಲದಲ್ಲಿ ಈ ವಾರವಷ್ಟೇ ಬಿಡುಗಡೆಯಾಗಿ, ನಿಮ್ಮ ಮೇಲೆ ಭರವಸೆ ಇಟ್ಟವರೆಲ್ಲ ಪೆಚ್ಚುಮೋರೆ ಹಾಕಿಕೊಂಡು ಹೊರಬಂದಿದ್ದಾರೆ. ಅವರನ್ನು ದೂರುವಂತಿಲ್ಲ. ಒಬ್ಬಾಕೆ ಮೆಟ್ಟಿಲು ಗುಡಿಸುತ್ತಾಳೆ, ಗುಡಿಸುತ್ತಲೇ ಇರುತ್ತಾಳೆ; ಪಕ್ಕದಲ್ಲೊಬ್ಬ ಗಡಿಯಾರಕ್ಕೆ ಭಾಷಣ ಬಿಗಿಯುತ್ತಾನೆ. ಏನು ಹೇಳಲು ಹೊರಟಿದ್ದಿರೋ ದೇವರೇ ಬಲ್ಲ.

ನಮ್ಮಲ್ಲಿ ಈಗಿರುವುದು ಒಲಿಚಿತ್ರ. ಅದು ನೋಡುವವರ ಮುಖ ನೋಡಿ ಕಥೆ ಬದಲಿಸುತ್ತದೆ. ಬೇಸರದಿಂದ ಹುಬ್ಬು ಗಂಟಿಕ್ಕಿದರೆ ಸಾಕು, ನಾಯಕಿ ಬೇರೆ ಬಾಗಿಲಿಂದ ಬರುತ್ತಾಳೆ. ಊಟವಾದ ಮೇಲೆ ಮನೆಮಂದಿ ಸಾಲಾಗಿ ಕೂತು ತಮ್ಮ ತಮ್ಮ ಚಿತ್ರ ನೋಡುತ್ತಾರೆ. ಅವ್ವ ತೀರಿಕೊಂಡ ಮೇಲೆ ಅಪ್ಪನೂ ನಾನೂ ವರ್ಷಗಟ್ಟಲೆ ಹಾಗೆಯೇ ಕೂತೆವು. ಇಬ್ಬರೂ ಕಂಡ ಒಂದೇ ಚಿತ್ರ ಎಂಬುದು ಇರಲಿಲ್ಲ, ಹಾಗಾಗಿ ಮಾತೂ ಇರಲಿಲ್ಲ. ಅಪ್ಪ ಹೀಗೇ ಒಂದು ದಿನ ಹೋಗಿಬಿಡುತ್ತಾರೇನೋ ಎಂದು ನನಗೆ ಭಯವಿತ್ತು.

ಬದಲಾಗದ ಹಳೆಯ ಚಿತ್ರಗಳನ್ನು ಬಿಡುವಿನ ತಿಂಗಳಲ್ಲಿ ಊರಿಗೆಲ್ಲ ತೋರಿಸುವುದು ಇಲ್ಲಿನ ರೂಢಿ. ನಿನ್ನೆ ನಿಮ್ಮ ಎರಡನೆಯದರ ಸರದಿ. ಗುಡಿಸುವುದು ಶುರುವಾಯಿತು. ಇಡೀ ಸಭೆ ಹುಬ್ಬು ಗಂಟಿಕ್ಕಿ ಕಾಯಿತು. ಇನ್ನಷ್ಟು ಗಂಟಿಕ್ಕಿತು. ಆಕೆ ಗುಡಿಸುತ್ತಲೇ ಇದ್ದಳು. ಆಗ ಅಪ್ಪ ನನ್ನ ಕಡೆ ವಾಲಿ, “ಇದು ನಮ್ಮ ಮಾತು ಕೇಳಂಗಿಲ್ಲ ಬಿಡವಾ,” ಅಂದರು. ನನಗೆ ನಗು ತಡೆಯಲಾಗಲಿಲ್ಲ.

ಮನೆ ಮುಟ್ಟುವವರೆಗೂ ಜಗಳವಾಡಿದೆವು. ಯಾರೋ ಬರುವವರಿದ್ದಾರೆ, ಅದಕ್ಕೇ ಗುಡಿಸುತ್ತಾಳೆ ಎಂದು ನನ್ನ ವಾದ. ಅಪ್ಪ ಒಪ್ಪಲಿಲ್ಲ. “ಆಕಿಗೆ ಸಿಟ್ಟು ಬಂದೈತಿ. ನಿಮ್ಮವ್ವನೂ ಸಿಟ್ಟು ಬಂದ್ರ ಹಿಂಗ ಗುಡಸ್ತಿದ್ಲು, ಕಸ ಇರಲಿಲ್ಲಂದ್ರೂ.” ಅವ್ವ ಹೋದ ಮೇಲೆ ಅವರು ಆಕೆಯ ಮಾತೆತ್ತಿದ್ದು ಅದೇ ಮೊದಲು. ಹೊಸ್ತಿಲಲ್ಲೇ ಕೂತು ಇನ್ನೂ ಏನೇನೋ ಹೇಳಿದರು. ಎಷ್ಟೋ ವರ್ಷಗಳಿಂದ ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು.

ಈಗ ನನ್ನ ಕೋರಿಕೆ. ಆ ಗುಡಿಸುವ ದೃಶ್ಯಕ್ಕೆ ಕತ್ತರಿ ಹಾಕಿ ಎಂದು ನಿರ್ಮಾಪಕರು ನಿಮ್ಮ ಬೆನ್ನು ಹತ್ತಿದ್ದಾರೆ. ಅವರ ಮಾತು ಸರಿಯೇ. ನಾನು ಸುಳ್ಳು ಹೇಳಲಾರೆ, ಚಿತ್ರ ಚೆನ್ನಾಗಿಲ್ಲ. ಆದರೂ ಕತ್ತರಿ ಹಾಕಬೇಡಿ. ನೀವು ಹಾಕಲಿಲ್ಲವೆಂದು ನನಗೆ ಗೊತ್ತು, ನಿನ್ನೆ ನೋಡಿದ್ದೇನಲ್ಲ; ಕೇಳಿಕೊಂಡರೆ ನನಗೊಂದು ಸಮಾಧಾನ. ಗಡಿಯಾರದವನನ್ನು ಬೇಕಾದರೆ ಚಿತ್ರದಿಂದ ಕಳಿಸಿಬಿಡಿ. ಆಕೆ ಗುಡಿಸಲಿ.

ಅಪ್ಪ ಇನ್ನೊಮ್ಮೆ ನೋಡಬೇಕಂತೆ. ಕರೆಯುತ್ತಿದ್ದಾರೆ, ಬರಲೇ.

ನೀಲಾಂಬಿಕೆ