ಬೆಳ್ಳುಳ್ಳಿಯೇ, ಬಾ ಒಳಗೆ

ಮಾರ್ಚ್ 3, ಬೆಳಗ್ಗೆ 11
ಯೂನಿಫಾರ್ಮ್ ಶರ್ಟು ಇನ್ನೂ ಹದಿನಾಲ್ಕು ಹೊಲಿಯಬೇಕು. ಕಾಲರ್ ಕೂರಿಸುತ್ತಿದ್ದೆ. ಅಂಗಡಿಯ ರೇಡಿಯೋದಲ್ಲಿ ಆ ಹಾಡು ಬಂತು — ‘ಬೆಳದಿಂಗಳೇ, ಬಾ ಒಳಗೆ.’ ನನ್ನ ಬಾಯಿ ತಾನಾಗಿ ‘ಬೆಳ್ಳುಳ್ಳಿಯೇ’ ಅಂದುಬಿಟ್ಟಿತು. ಅಳತೆ ಕೊಡಲು ನಿಂತಿದ್ದ ಟೀಚರಮ್ಮ ಬಿದ್ದು ಬಿದ್ದು ನಕ್ಕರು.

ತಪ್ಪು ನನ್ನದಲ್ಲ, ಅಪ್ಪನದು. ಮನೆಗಳಿಗೆ ಬಣ್ಣ ಹೊಡೆಯುವವನು. ಏಣಿ ಮೇಲೆ ನಿಂತು ಹಾಗೇ ಹಾಡುತ್ತಿದ್ದ. ಮನೆಯಲ್ಲೂ ಹಾಗೇ. ಅಮ್ಮ ರೇಗುತ್ತಿದ್ದಳು: “ಬೆಳ್ಳುಳ್ಳೀನ ಯಾರಾದ್ರೂ ಕರೀತಾರೇನ್ರೀ?” ಅಪ್ಪನ ಉತ್ತರ: “ಬರ್ದೋನು ಅಡುಗೆಯವ್ನಿರ್ಬೇಕು ಬಿಡೇ.”

ಎಲ್ಲ ಕಣ್ಣಿಗೆ ಕಟ್ಟಿತು. ಹುಬ್ಬಿಗಂಟಿದ ಬಿಳಿ ಬಣ್ಣ, ಪೇಪರ್ ಟೋಪಿ... ದನಿ ಮಾತ್ರ ಇಲ್ಲ. ಬಾಯಿ ಆಡುತ್ತದೆ, ಸದ್ದಿಲ್ಲ. ಅಪ್ಪ ಹೋಗಿ ನಾಲ್ಕೇ ವರ್ಷ. ಹೆದರಿಕೆಯಾಯಿತು.

ಮಾರ್ಚ್ 4
ತಂಗಿಗೆ ಫೋನ್. “ಅಪ್ಪನ ದನಿ ನೆನಪಿದ್ಯೇನೇ?”
“ಓ, ಚೆನ್ನಾಗಿದೆ.”
“ಹಾಡಿ ತೋರ್ಸು.”
ಹಾಡಿದಳು. ಥೇಟ್ ಮೇಕೆ! ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೆ ಮೆಲ್ಲಗೆ ಅಂದಳು, “ನಂಗೂ ನೆನಪಿಲ್ಲ ಕಣೋ ಅಣ್ಣಾ.”
ಅಪ್ಪನ ದನಿಯಿದ್ದ ಒಂದೇ ಒಂದು ಫೋನನ್ನು ಬಣ್ಣದ ಡಬ್ಬಿಗೆ ಬೀಳಿಸಿದವನೂ ಅವನೇ. ಪುಣ್ಯಾತ್ಮ.

ಮಾರ್ಚ್ 5
ಅಮ್ಮನನ್ನೂ ಕೇಳಿದೆ. “ದಿನಾ ಕೇಳಿ ಕಿವಿ ತೂತಾಗಿತ್ತು, ನೆನಪು ಬೇರೆ ಇಟ್ಕೋಬೇಕಾ?” ಅಂದಳು. ಬಟಾಣಿ ಸುಲಿಯುತ್ತಿದ್ದವಳು ಸಿಪ್ಪೆಯನ್ನು ಪಾತ್ರೆಗೆ, ಕಾಳನ್ನು ಕಸಕ್ಕೆ ಹಾಕಿದಳು. ಕೇಳಬಾರದಿತ್ತು.

ಮಾರ್ಚ್ 14, ಭಾನುವಾರ
ಮೂರು ದಿನದಿಂದ ನೆಗಡಿ. ಗಂಟಲು ಕೂತಿದೆ. ಕೊನೆಯ ಶರ್ಟಿಗೆ ಮನೆಯಲ್ಲೇ ಗುಂಡಿ ಹಾಕುತ್ತಾ, ಒಡಕು ದನಿಯಲ್ಲಿ ಅದೇ ಹಾಡು ಗುನುಗುತ್ತಿದ್ದೆ. ಅಡುಗೆಮನೆಯಿಂದ ಅಮ್ಮ —
“ಬೆಳ್ಳುಳ್ಳಿ ಅಲ್ಲಾರೀ ಅದು!”

ಸೌಟಿನ ಸದ್ದು ನಿಂತಿತು. ಬಾಗಿಲಿಗೆ ಬಂದಳು. ನನ್ನನ್ನೇ ನೋಡಿದಳು. ನಾನು ಗಂಟಲು ಮುಟ್ಟಿಕೊಂಡೆ. ಎಲ್ಲೆಲ್ಲೋ ಹುಡುಕಿದ್ದೆ, ಅಪ್ಪ ಇಲ್ಲೇ ಇದ್ದ.
“ಇನ್ನೊಂದ್ಸಲ ಹಾಡು.”
ಹಾಡಿದೆ.
“ತಪ್ಪು,” ಅಂದಳು, ಅಂಗೈಯಲ್ಲಿ ಕಣ್ಣೊರೆಸಿಕೊಂಡು ನಗುತ್ತಾ. “ಇನ್ನೊಂದ್ಸಲ.”
ಎಷ್ಟು ಸಲವೋ. ಒಲೆ ಮೇಲಿದ್ದದ್ದು ತಳ ಹಿಡಿಯಿತು. ಹಾಗೇ ತಿಂದೆವು. ರುಚಿಯಾಗಿತ್ತು.

ಮಾರ್ಚ್ 15, ಬೆಳಗ್ಗೆ 7
ಮಾತ್ರೆ ಬೇಡ ಅಂದೆ. ಒಂದು ಸೀನಿಗೂ ಮನೆಯನ್ನು ತಲೆ ಮೇಲೆ ಹೊತ್ತುಕೊಳ್ಳುವ ಅಮ್ಮ ಇವತ್ತು ಬಲವಂತ ಮಾಡಲಿಲ್ಲ. ಗಂಟಲು ಸರಿಹೋಗುವುದರೊಳಗೆ ತಂಗಿಗೂ ಕೇಳಿಸಬೇಕು. ಅಮ್ಮ ಆಗಲೇ ಫೋನ್ ಮಾಡಿದ್ದಾಳೆ. ಸ್ಪೀಕರ್ ಬೇರೆ. ರಿಂಗಾಗುತ್ತಿದೆ... ಎತ್ತಿದಳು —