ಕಾವಿಗೆ ಕೂತ ಕೋಳಿ

ಸೆಪ್ಟೆಂಬರ್ 3, 2024, ಮಂಗಳವಾರ

ಕಸ ಗುಡಿಸಿದೆ. ನೀರು ಹಿಡಿದೆ. ಅತ್ತೆ ಎಂದಿನಂತೆ ಮಂಕರಿ ಬುಟ್ಟಿಯೊಳಗೆ ಕೈ ಇಳಿಸಿ, ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿ ತಡವಿ ಮೊಟ್ಟೆ ಎಣಿಸಿದರು. ಅವರ ಎರಡೂ ಕಣ್ಣು ಮಂಜು. ಆಪರೇಷನ್ ಕ್ಯಾಂಪ್ ಮುಂದಿನ ತಿಂಗಳು. ಇಟ್ಟಿದ್ದು ಹನ್ನೊಂದು, ಸಿಕ್ಕಿದ್ದು ಒಂಬತ್ತು.

"ಇನ್ನೆರಡು ಎಲ್ಲಮ್ಮಿ ಪರಿಮಳ?"

ನನಗೇನು ಗೊತ್ತು! ಆ ಕೋಳಿ ನನ್ನನ್ನು ಕಂಡರೆ ಕುಕ್ಕಲು ಬರುತ್ತದೆ. ಅದಕ್ಕೂ ಅತ್ತೆಯದೇ ಬುದ್ಧಿ.

ಸೆ. 5, ಗುರುವಾರ

ಒಲೆಗೆ ಸೌದೆ ಎಳೆದರೆ ಜೊತೆಗೆ ಹಾವಿನ ಪೊರೆ ಬಂತು. ಮಾರುದ್ದ. ಮಂಕರಿಯಿಂದ ಎರಡೇ ಹೆಜ್ಜೆ... ಅತ್ತೆಯ ಕೈಗೆ ಕೊಟ್ಟೆ. ಸವರಿ ನೋಡಿ, "ಪ್ಲಾಸ್ಟಿಕ್ ಕಣಮ್ಮಿ, ಬಿಸಾಕು" ಅಂದರು.

ನಮ್ಮೆಜಮಾನರು ಕೋಸಿನ ಲೋಡಿನ ಜೊತೆ ಕೊಯಮತ್ತೂರಿನಲ್ಲಿದ್ದಾರೆ. ಫೋನ್ ಮಾಡಿದೆ. "ಬಿಲ ಇದ್ರ ಮುಚ್ಬುಡು" ಅಂದರು. ಗೋಡೆ ಬುಡದ ಬಿಲಕ್ಕೆ ಕಲ್ಲು ತುರುಕಿ ಮಣ್ಣು ಮೆತ್ತಿದೆ. ಆಮೇಲೆ ನೆಮ್ಮದಿಯಾಗಿ ಟೀ ಕುಡಿದೆ.

ಸೆ. 8, ಭಾನುವಾರ

ಐದೇ ಮೊಟ್ಟೆ.

ಅಂದರೆ ಅದು ಹೊರಗಿನಿಂದ ಬರುತ್ತಿಲ್ಲ. ನಾನು ಬಿಲ ಮುಚ್ಚಿದಾಗ ಒಳಗೇ ಇತ್ತು. ಹೋಗುವ ದಾರಿಯನ್ನು ನಾನೇ ಮುಚ್ಚಿದ್ದೇನೆ! ಕಲ್ಲು ಕಿತ್ತೆ. ಹಾವು ಹಿಡಿಯುವ ಚಂದ್ರು ತಾಳಮಲೆ ಕಡೆ ಹೋಗಿದ್ದಾನೆ, ನಾಳೆ ಮಧ್ಯಾಹ್ನ ಬರುತ್ತಾನಂತೆ. ಅಲ್ಲಿಯವರೆಗೆ?

"ಅತ್ತೆ, ಮಂಕ್ರಿಗೆ ಕೈ ಆಕ್ಬೇಡಿ. ಆವು ಒಳ್ಗೇ ಅದ."

"ಯಾವ ಆವೂ ಇಲ್ಲ. ನಿನ್ನೆ ನಿಮ್ಮಣ್ಣ ಬಂದಿದ್ನಲ್ಲ, ಅವನ ಚೀಲಕ್ಕ ತುಂಬ್ಬುಟ್ಟು ಈಗ ಆವು ಅಂದಿಯಾ? ನಂಗ ಕಣ್ಣು ಕಾಣಲ್ಲ ಅಂತ ಏನ್ ಬೇಕಾದ್ರೂ ಏಳ್ಬೋದಾ?"

ಪಕ್ಕದ ಮನೆಯ ಮಮತ ಬೇಲಿಯಾಚೆ ನಿಂತು ಎಲ್ಲ ಕೇಳಿಸಿಕೊಂಡಳು. ಅಣ್ಣ ಪಾಪ, ಬರಿಗೈಲಿ ಹಾಸನೂರಿಗೆ ಹೋದವನು. ನಾನು ಕಳ್ಳಿ! ಇನ್ನು ಇವರ ಹತ್ತಿರ ಒಂದು ಮಾತೂ ಆಡುವುದಿಲ್ಲ. ಏನಾದರೂ ಮಾಡಿಕೊಳ್ಳಲಿ.

ಸೆ. 9, ಸೋಮವಾರ, ಬೆಳಿಗ್ಗೆ 6.40

ಜಗಲಿ ಮೇಲೆ ಕೂತಿದ್ದೇನೆ. ಕೋಪ ಇಳಿದಿಲ್ಲ. ಅತ್ತೆ ಎರಡು ಸಲ ಕರೆದರು, ಓಗೊಡಲಿಲ್ಲ.

ಇಲ್ಲಿಂದ ಒಳಗಿನದೆಲ್ಲ ಕಾಣುತ್ತದೆ. ಕೋಳಿ ಮಂಕರಿಯಲ್ಲಿಲ್ಲ. ಸೌದೆ ಮೇಲೆ ಹತ್ತಿ ನಿಂತಿದೆ. ಪುಕ್ಕ ಕೆದರಿದೆ. ಸದ್ದಿಲ್ಲ. ಮಂಕರಿಯನ್ನೇ ನೋಡುತ್ತಿದೆ. ಇಷ್ಟು ಹೊತ್ತಿಗೆ ಕಾವು ಬಿಟ್ಟು ಏಳುವ ಕೋಳಿಯಲ್ಲ ಅದು.

ಹೇಳಿದರೆ ಮತ್ತೆ ಕಳ್ಳಿ ಅನ್ನಿಸಿಕೊಳ್ಳಬೇಕು. ಹೇಳುವುದಿಲ್ಲ. ನಿನ್ನೆಯೇ ಹೇಳಿದ್ದೇನಲ್ಲ...

ಅತ್ತೆ ಗೋಡೆ ಹಿಡಿದುಕೊಂಡು ಬಂದರು. ಮಂಕರಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಳೆ ಮೇಲಕ್ಕೆ ಸರಿಸಿಕೊಂಡರು. ಕೋಳಿ ಒಳಗೇ ಇದೆ ಅಂದುಕೊಂಡು ಅದರ ಜೊತೆ ಮಾತಾಡುತ್ತಿದ್ದಾರೆ —

"ಕುಕ್ಬ್ಯಾಡ ಕಣವ್ವ. ಸೊಸನ ಸುಮ್ಸುಮ್ನ ಅಂದ್ಬುಟ್ನೇನೋ... ಇನ್ನೊಂದ್ಸಲ ಸರಿಯಾಗಿ ಎಣ್ಸ್ತೀನಿ, ತಡಿ."

ಅತ್ತೆ, ಕೈ