ಖರೇ ನಗು

ಬೊರಿವಲಿ, ಮುಂಬಯಿ
೧೮ ಆಗಸ್ಟ್ ೨೦೨೪

ಪ್ರೀತಿಯ ಹಾಲಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ಮಗಳು ವಿನೋದಿನಿಯ ಆಪರೇಷನ್ ಆಗಿ ತಿಂಗಳು ಕಳೆದರೂ ಬರೆಯಲಿಲ್ಲ, ಕ್ಷಮಿಸು. ಮೊನ್ನೆ ನೀನು ಫೋನಿನಲ್ಲಿ, "ಕೂಸು ಮೊದಲಿನಂಗ ನಗತೈತೋ ಇಲ್ಲೋ?" ಎಂದು ಕೇಳಿದಾಗ ಮಾಧುರಿಯ ಕೈಗೆ ಫೋನು ಕೊಟ್ಟುಬಿಟ್ಟೆ.

ವಿನೋದಿನಿಗೆ ಫಿಟ್ಸ್ ನಿಂತಿದೆ. ಶಾಲೆಯಲ್ಲಿ, ಸ್ಟೇಶನ್ನಿನ ಮೆಟ್ಟಿಲ ಮೇಲೆ, ಎಲ್ಲೆಂದರಲ್ಲಿ ಬೀಳುತ್ತಿದ್ದ ಮಗು ಈಗ ಒಬ್ಬಳೇ ಸ್ನಾನ ಮಾಡುತ್ತಾಳೆ. ಬಾಗಿಲ ಹೊರಗೆ ನಿಲ್ಲುವುದನ್ನು ನಾನು ಇನ್ನೂ ಬಿಟ್ಟಿಲ್ಲ.

ನಿನಗೆ ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. ಅವಳು ತೊಟ್ಟಿಲಲ್ಲಿದ್ದಾಗ ವಿಜಯಪುರದಿಂದ ಬಂದಿದ್ದ ನೀನು, "ಎಷ್ಟ್ ಚಂದ ನಗತೈತೋ! ಪುಣ್ಯಾ, ನಿನ್ನಂಗ ಮಾರಿ ಗಂಟ್ ಹಾಕ್ಕೊಂಡು ಹುಟ್ಟಿಲ್ಲ" ಎಂದು ಛೇಡಿಸಿದ್ದೆ. ಹೆಸರಿಟ್ಟವಳೂ ನೀನೇ. ಅಕ್ಕಾ, ಅದು ನಗುವಾಗಿರಲಿಲ್ಲ. ಮಿದುಳಿನ ಬುಡದಲ್ಲಿ ಹುಟ್ಟಿನಿಂದಲೇ ಸಣ್ಣದೊಂದು ಗಡ್ಡೆಯಿತ್ತು. ಅದು ಕೆರಳಿದಾಗಲೆಲ್ಲ ಕಾರಣವಿಲ್ಲದೆ ನಗು ಬರುತ್ತಿತ್ತು. ಆ ನಗುವೇ ಫಿಟ್ಸ್. ಬರಬರುತ್ತ ನಗುವಿನ ಬೆನ್ನಿಗೇ ಬೀಳುವುದೂ ಶುರುವಾಯಿತು. ಯಾವ ಔಷಧವೂ ನಾಟಲಿಲ್ಲ. ಕೊನೆಗೆ ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಲೇಸರಿನ ಶಾಖದಿಂದ ಗಡ್ಡೆಯನ್ನು ಸುಟ್ಟರು. ರೈಲ್ವೆ ಸಿಗ್ನಲ್ ಕೆಲಸದವನಾದ ನನಗೆ ಡಾಕ್ಟರು ಚಿತ್ರ ಬರೆದು ವಿವರಿಸಿದ್ದೆಲ್ಲ ಅರ್ಥವಾಗಿತ್ತು. ಆದರೆ ಅಂದು ಆಸ್ಪತ್ರೆಯಿಂದ ಲೋಕಲ್ ರೈಲಿನಲ್ಲಿ ಮರಳುವಾಗ ಮಾಧುರಿ, "ಅಂದ್ರ, ಏಳು ವರ್ಷದಾಗ ಒಂದರ ಖರೇ ನಗು ಇತ್ತೇನ್ರಿ?" ಎಂದು ಕೇಳಿದಳು.

ಆಪರೇಷನ್ ಆದ ಮೇಲೆ ಆ ನಗು ನಿಂತಿತು. ನಿಲ್ಲಬೇಕಾದದ್ದೇ. ಇನ್ನು ಅವಳದೇ ನಗು ಬರುತ್ತದೆ, ಕಾಯಿರಿ ಎಂದಿದ್ದಾರೆ ಡಾಕ್ಟರು. ಕಾಯುತ್ತಿದ್ದೇವೆ.

ನಿನ್ನ ಮೊಣಕಾಲು ನೋವು ಹೇಗಿದೆ? ಸಂತುವಿಗೆ ಅವನ ಮಾಮ, ಅತ್ತೆಯ ಆಶೀರ್ವಾದ ತಿಳಿಸು. ನಮಗೆ ನಿನ್ನದು ಬೇಕು.

ನಿನ್ನ ತಮ್ಮ,
ಅಣವೀರಪ್ಪ

ತಾ.ಕ.: ಕಾಯುತ್ತಿದ್ದೇವೆ ಎಂದು ಬರೆದದ್ದು ಪೂರ್ತಿ ನಿಜವಲ್ಲ. ಕಳೆದ ರವಿವಾರ ನನ್ನ ಬಿಸ್ಕೀಟು ಚಹಾದಲ್ಲಿ ಮುಳುಗಿತು. ಎತ್ತಲು ಹೋದೆ, ಚಮಚವೂ ಮುಳುಗಿತು. ವಿನೋದಿನಿ ಗಟ್ಟಿಯಾಗಿ ನಕ್ಕಳು. ನಾವಿಬ್ಬರೂ ಹಾರಿ ಬಿದ್ದು ಅವಳನ್ನು ಹಿಡಿದೆವು. ಮಾಧುರಿ ನೆಲದ ಮೇಲೆ ಮಗ್ಗುಲಾಗಿ ಮಲಗಿಸಿದಳು. ನಾನು ಅವಳ ತಲೆ ಹಿಡಿದುಕೊಂಡು, ಫಿಟ್ಸ್ ಎಷ್ಟು ನಿಮಿಷ ಇರುತ್ತದೆಂದು ಗಡಿಯಾರ ನೋಡತೊಡಗಿದೆ. "ಪಪ್ಪಾ, ಛೋಡೋ ನಾ! ಬಿಸ್ಕೀಟ್ ಬಿತ್ತಂತ ನಕ್ಕೆ" ಎಂದು ನಮ್ಮ ಕೈಗಳ ಕೆಳಗಿಂದ ಅತ್ತಳು.

ಈಗ ನಗು ಬಂದರೆ ಬಾಯಿಗೆ ಅಂಗೈ ಒತ್ತಿಕೊಂಡು, ಅದು ಹೋಗುವವರೆಗೂ ನಮ್ಮ ಮುಖವನ್ನೇ ನೋಡುತ್ತಿರುತ್ತಾಳೆ.